ವೇಗದ ಬೋಟಿಗೆ ಟ್ರಿಮ್ ಟ್ಯಾಬ್: ಎಲ್ಲಿ, ಎಷ್ಟು ಎತ್ತರಕ್ಕೆ ಕೂರಿಸಬೇಕು?

ಸರ್, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಟ್ರಿಮ್ ಟ್ಯಾಬ್ ಅಂದರೆ ಬೋಟಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಕೂರಿಸುವ, ಮೇಲೆ-ಕೆಳಗೆ ಆಡುವ ಚಪ್ಪಟೆ ಹಲಗೆ. ಇಳಿಸಿದರೆ ನೀರು ಅದನ್ನು ತಳ್ಳಿ ಆ ಬದಿಯ ಹಿಂಭಾಗವನ್ನು ಎತ್ತುತ್ತದೆ. ಟ್ರಾನ್ಸಮ್‌ಗೆ, ಅಂದರೆ ಬೋಟಿನ ಹಿಂಗೋಡೆಗೆ, ತೂತು ಹೊಡೆಯುವ ಮೊದಲೇ ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು.

ನಿಮ್ಮದು 26 ಅಡಿಯ ಬೋಟು, ಆಳವಾದ ವಿ ಆಕಾರದ ತಳ, ಹಿಂದೆ ಎರಡು ಔಟ್‌ಬೋರ್ಡ್ ಎಂಜಿನ್, ದುಬೈನಲ್ಲಿ ನೀರಲ್ಲೇ ಕಟ್ಟಿರುತ್ತೀರಿ. ಶಮಾಲ್, ಅಂದರೆ ಕೊಲ್ಲಿಯ ವಾಯವ್ಯ ಗಾಳಿ, ಬೀಸಿದಾಗ ಗಾಳಿ ಬರುವ ಕಡೆಗೇ ವಾಲುತ್ತದೆ ಅಂದಿದ್ದೀರಿ. ವರ್ಕ್‌ಶಾಪಿನವರು ಟ್ಯಾಬನ್ನು ಎಂಜಿನ್ ಪಕ್ಕದಲ್ಲೇ, ತಳಕ್ಕೆ ಸರಿಸಮವಾಗಿ ಕೂರಿಸೋಣ ಅನ್ನುತ್ತಿದ್ದಾರೆ. ನನ್ನ ಪ್ರಕಾರ ಎರಡೂ ಬೇಡ.

ಗಾಳಿಯ ಕಡೆಗೆ ವಾಲುವುದು ಬೋಟಿನ ದೋಷವಲ್ಲ. ಗಾಳಿ ಮೂತಿಯನ್ನು, ಅಂದರೆ ಬೋಟಿನ ಮುಂತುದಿಯನ್ನು, ತಳ್ಳುತ್ತದೆ, ದಾರಿ ತಪ್ಪದಿರಲಿ ಎಂದು ನೀವು ಸ್ಟಿಯರಿಂಗನ್ನು ಗಾಳಿಯ ಕಡೆಗೆ ತುಸು ಹಿಡಿದಿರುತ್ತೀರಿ, ವಿ ತಳ ಆ ಕಡೆಗೇ ಒರಗುತ್ತದೆ. 1960ರ ಮಯಾಮಿ–ನಸಾವ್ ರೇಸನ್ನು 'ಮಾಪಿ' ಅನ್ನೋ ವಿ ತಳದ ಬೋಟು ಗೆದ್ದ ಮೇಲೆ ಜನ ಈ ತಳವನ್ನು ಮೆಚ್ಚಿದ್ದು ಅದು ಅಲೆ ಸೀಳಿಕೊಂಡು ಹೋಗುವ ರೀತಿಗೆ. ಒರಗುವ ಗುಣ ಅದರ ಜೊತೆಗೇ ಬರುತ್ತದೆ.

ಹಾಗಾಗಿ ನಿಮಗೆ ಬೇಕಿರುವುದು ಮುಖ್ಯವಾಗಿ ವಾಲಿಕೆ ಸರಿಮಾಡುವ ಶಕ್ತಿ. ಟ್ಯಾಬ್ ನಡುವಿನಿಂದ ದೂರ ಇದ್ದಷ್ಟೂ ಆ ಶಕ್ತಿ ಜಾಸ್ತಿ. ಎಂಜಿನ್‌ಗೆ ತೀರಾ ಹತ್ತಿರ ಹಾಕಿದರೆ ಟ್ಯಾಬ್ ಕದಡಿದ ಗುಳ್ಳೆನೀರು ಪ್ರೊಪೆಲ್ಲರ್‌ಗೆ ನುಗ್ಗುತ್ತದೆ. ಆರ್‌ಪಿಎಂ ಸುಮ್ನೆ ಏರುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಹಾಗಂತ ತೀರಾ ಹೊರತುದಿಗೂ ಬೇಡ. ತಳ ಮತ್ತು ಪಕ್ಕದ ಗೋಡೆ ಸೇರುವ ಅಂಚಿನಿಂದ 3–4 ಇಂಚು ಒಳಗಿರಲಿ.

ನೀವು ಕೊಟ್ಟ ಅಳತೆಯನ್ನೇ ಹಿಡಿಯೋಣ. ಬೋಟಿನ ನಡುಗೆರೆಯಿಂದ ಆ ಅಂಚಿಗೆ 45 ಇಂಚು, ಎಂಜಿನ್ನಿನ ನಡುವಿಗೆ 13. ಎಂಜಿನ್ ನಡುವಿನಿಂದ ಕನಿಷ್ಠ 8 ಇಂಚು ಬಿಟ್ಟರೆ 21ಕ್ಕೆ ಬಂದಿರಿ. ಹೊರಗಡೆ 4 ಬಿಟ್ಟರೆ 41. ಉಳಿದದ್ದು 20 ಇಂಚು. ಬೋಟಿನ ಪ್ರತಿ ಅಡಿ ಉದ್ದಕ್ಕೆ ಒಂದೊಂದು ಟ್ಯಾಬ್ 1 ಇಂಚು ಅಗಲ ಅನ್ನೋ ರೂಢಿಯ ಲೆಕ್ಕದಲ್ಲಿ 26 ಬೇಕು, ಅದು ಹಿಡಿಸುವುದಿಲ್ಲ. ಚಿಂತೆ ಬೇಡ. ವೇಗ ಎರಡು ಪಟ್ಟಾದರೆ ಟ್ಯಾಬಿನ ಎತ್ತುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ, ನಿಮ್ಮ ವೇಗಕ್ಕೆ ಚಿಕ್ಕದು ಸಾಕು. ನಾನಾದರೆ 18 ಇಂಚು ಅಗಲ, 9 ಇಂಚು ಉದ್ದದ್ದು ಹಾಕುತ್ತೇನೆ. 12 ಇಂಚು ಉದ್ದದ್ದು ನಿಧಾನದ ಬೋಟುಗಳಿಗೆ. 18 ಹಾಕಿದರೆ ಅತ್ತಿತ್ತ ಸರಿಸಲು 2 ಇಂಚು ಸಿಗುತ್ತದೆ. ತಳದಲ್ಲಿ ಉದ್ದಕ್ಕೂ ಹೋಗುವ ಏಣುಗಳಿವೆಯಲ್ಲ, ಟ್ಯಾಬ್ ಅವುಗಳ ನೇರ ಹಿಂದೆ ಬಾರದಂತೆ ನೋಡಿಕೊಳ್ಳಿ. ಅಲ್ಲಿ ನೀರು ಶುದ್ಧವಾಗಿ ಹರಿಯುವುದಿಲ್ಲ. ಎರಡೂ ಎಂಜಿನ್ನನ್ನು ಪೂರ್ತಿ ತಿರುಗಿಸಿ ಎಲ್ಲೂ ತಾಗುವುದಿಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ.

ಈಗ ಎತ್ತರ. ವೇಗದ ಬೋಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. ಟ್ಯಾಬನ್ನು ಟ್ರಾನ್ಸಮ್‌ಗೆ ಜೋಡಿಸುವ ಹಿಂಜು (ಕೀಲು) ತಳದ ಅಂಚಿಗಿಂತ 6ರಿಂದ 10 ಮಿಲಿಮೀಟರ್ ಮೇಲಿರಲಿ. ತಳಕ್ಕೆ ಸಮವಾಗಿಟ್ಟರೆ, ಒಂದು ಕೂದಲೆಳೆ ಕೆಳಗೆ ಬಂದರೂ, ಟ್ಯಾಬ್ ಎತ್ತಿದ್ದಾಗಲೂ ನೀರು ಅದನ್ನು ಹಿಡಿಯುತ್ತದೆ. ಮೂತಿ ಕೆಳಗೆ ಒತ್ತಿ ಸ್ಟಿಯರಿಂಗ್ ಎಳೆಯುತ್ತದೆ, ವೇಗವೂ ಕಡಿಮೆಯಾಗುತ್ತದೆ. ಮೂರಡಿಯ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಡಿದು ಹಿಂದಕ್ಕೆ ಚಾಚಿ. ಟ್ಯಾಬ್ ಪೂರ್ತಿ ಮೇಲಿದ್ದಾಗ ಪಟ್ಟಿಗೂ ಅದಕ್ಕೂ ನಡುವಿನ ಸಂದು ಹಿಂದಕ್ಕೆ ಹೋದಂತೆ ಅಗಲವಾಗಬೇಕು. ಟ್ಯಾಬಿನ ಎರಡೂ ತುದಿಯಲ್ಲಿ ನೋಡಿ. ಸರಿ ಬಂದ ಮೇಲೆಯೇ ಟ್ಯಾಬನ್ನು ಏರಿಸಿ ಇಳಿಸುವ ದಂಡದ ಸಾಧನ, ಅಂದರೆ ಆಕ್ಚುಯೇಟರಿನ, ಮೇಲಿನ ತೂತು ಗುರುತು ಹಾಕಿ.

ನಿಮ್ಮದು ಹಳೇ ಬೋಟು ಅಲ್ವಾ, ಟ್ರಾನ್ಸಮ್ ಒಳಗೆ ಪ್ಲೈವುಡ್ ಇರಬಹುದು. ಸ್ಕ್ರೂ ತೂತಿನಿಂದ ನೀರಿಳಿದರೆ ಅದು ಒಳಗೊಳಗೇ ಕೊಳೆಯುತ್ತದೆ. ದೊಡ್ಡ ತೂತು ಹೊಡೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರಲ್ಲೇ ಸ್ಕ್ರೂವಿನ ತೂತು ಮಾಡಿಸಿ. ಒಂದು ದಿನ ಜಾಸ್ತಿ ಹಿಡಿದರೂ ಇದನ್ನು ಬಿಡಬೇಡಿ. ಸ್ಕ್ರೂ 316 ಸ್ಟೀಲಿನದಿರಲಿ. ಸೀಲಂಟ್ ಸಿಕಾಫ್ಲೆಕ್ಸ್ 291 ಅಥವಾ 3ಎಂ 4200 ಸಾಕು. 3ಎಂನ 5200 ಹಾಕಿದರೆ ಮುಂದೆ ಬಿಚ್ಚುವುದು ಬಹಳ ಕಷ್ಟ. ಉಪ್ಪುನೀರಲ್ಲೇ ಇರುವುದರಿಂದ ಟ್ಯಾಬಿನ ಮೇಲ್ಬದಿಗೆ ಜಿಂಕ್ ಆನೋಡ್, ಅಂದರೆ ಟ್ಯಾಬಿನ ಬದಲು ತಾನು ಸವೆಯುವ ಸತುವಿನ ತುಂಡು, ಹಾಕಿಸಿ. ಕಟ್ಟುವಾಗ ಟ್ಯಾಬ್ ಪೂರ್ತಿ ಮೇಲೆತ್ತಿ ಬಿಡಿ, ಆಗ ಆಕ್ಚುಯೇಟರಿನ ದಂಡ ಒಳಗಿದ್ದು ಅದಕ್ಕೆ ಚಿಪ್ಪು ಹತ್ತುವುದಿಲ್ಲ.

ವೈರಿಂಗ್ ಆದ ಮೇಲೆ ದಡದಲ್ಲೇ ಪರೀಕ್ಷಿಸಿ. ಎಡ ಟ್ಯಾಬ್ ಇಳಿದರೆ ಎಡ ಹಿಂಭಾಗ ಏಳುತ್ತದೆ, ಬಲ ಮೂತಿ ಇಳಿಯುತ್ತದೆ. ಹಾಗಾಗಿ ಬಲ ಸ್ವಿಚ್ಚಿನಲ್ಲಿ 'ಮೂತಿ ಕೆಳಗೆ' ಒತ್ತಿದಾಗ ಎಡ ಟ್ಯಾಬ್ ಇಳಿಯಬೇಕು. ತಿರುಗಾಮುರುಗಾ ಇದ್ದರೆ ವಾಲಿಕೆ ಸರಿಮಾಡಲು ಹೋಗಿ ಇನ್ನೂ ವಾಲಿಸಿಬಿಡುತ್ತೀರಿ, ವೇಗದಲ್ಲಿ ಅದು ಅಪಾಯ. ಮೊದಲ ಓಟದಲ್ಲಿ ಚಿಟಿಕೆ ಹೊಡೆದಷ್ಟು ಹೊತ್ತು ಮಾತ್ರ ಒತ್ತಿ, ಬಿಟ್ಟು, ಬೋಟು ಏನು ಮಾಡುತ್ತದೆ ನೋಡಿ, ಆಮೇಲೆ ಮತ್ತೆ ಒತ್ತಿ. ಅಲೆ ಹಿಂದಿನಿಂದ ಬರುತ್ತಿದ್ದರೆ ಎರಡೂ ಟ್ಯಾಬ್ ಪೂರ್ತಿ ಮೇಲಿರಲಿ. ಇಲ್ಲದಿದ್ದರೆ ಮೂತಿ ಅಲೆಗೆ ಚುಚ್ಚಿಕೊಂಡು ಬೋಟು ಅಡ್ಡ ತಿರುಗುತ್ತದೆ.