ಆಸ್ಪತ್ರೆಯಲ್ಲಿ ಕೇಳಲೇಬೇಕಾದ ಪ್ರಶ್ನೆಗಳು

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರಗಳು. ನನ್ನ ಅಮ್ಮನಿಗೆ 68 ವರ್ಷ. ಮುಂದಿನ ತಿಂಗಳು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರ ಬಲ ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೂ ಇದೆ. ತುಳು ಬಿಟ್ಟರೆ ಬೇರೆ ಭಾಷೆ ಅವರಿಗೆ ಸರಿಯಾಗಿ ಬರುವುದಿಲ್ಲ. ಕಳೆದ ವರ್ಷ ಬೇರೊಂದು ಆಸ್ಪತ್ರೆಯಲ್ಲಿ ನನ್ನ ದೊಡ್ಡಪ್ಪನಿಗೆ ಪಕ್ಕದ ಹಾಸಿಗೆಯವರ ಮಾತ್ರೆ ಕೊಟ್ಟಿದ್ದರು, ಪುಣ್ಯಕ್ಕೆ ಅನಾಹುತವಾಗಲಿಲ್ಲ. ಅಂದಿನಿಂದ ನನಗೆ ಹೆದರಿಕೆ. ಪ್ರತಿಯೊಂದನ್ನೂ ಕೇಳುತ್ತಿದ್ದರೆ ಡಾಕ್ಟರರಿಗೂ ಸಿಸ್ಟರ್‌ಗಳಿಗೂ ಬೇಸರವಾಗಿ ಅಮ್ಮನ ಆರೈಕೆಯೇ ಕಡಿಮೆಯಾದೀತೇ?
— ಓದುಗಿ, ಕಾರ್ಕಳ

ಉತ್ತರ: ಖಂಡಿತ ಕೇಳಿ. ನಿಮ್ಮ ಹೆದರಿಕೆಗೆ ಆಧಾರವಿದೆ. ಆಸ್ಪತ್ರೆಯ ಆರೈಕೆ ಪಡೆಯುವ ಸುಮಾರು ಹತ್ತು ಮಂದಿಯಲ್ಲಿ ಒಬ್ಬರಿಗೆ ಆ ಆರೈಕೆಯಿಂದಲೇ ಏನಾದರೊಂದು ಹಾನಿಯಾಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಡೆಯಬಹುದಾದದ್ದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಂತಹ ತಪ್ಪುಗಳಲ್ಲಿ ಬಹುಪಾಲು ಯಾರೋ ಒಬ್ಬರ ಉಡಾಫೆಯಿಂದ ಆಗುವುದಲ್ಲ. ದಣಿದ ಪಾಳಿ, ಒಂದೇ ತರಹ ಕಾಣುವ ಔಷಧಗಳು, ಅರ್ಧಕ್ಕೇ ನಿಂತ ಮಾತು, ಇವೆಲ್ಲ ಒಟ್ಟು ಸೇರಿದಾಗ ಒಳ್ಳೆಯ ಕೆಲಸಗಾರರ ಕೈಯಲ್ಲೂ ತಪ್ಪಾಗುತ್ತದೆ. ಆ ಹೊತ್ತಿಗೆ ರೋಗಿಯ ಬಳಿ ಇದ್ದವರು ಕೇಳುವ ಒಂದು ಪ್ರಶ್ನೆ ಅನೇಕ ಸಲ ಕೊನೆಯ ತಡೆಯಾಗಿರುತ್ತದೆ.

ನಿಮ್ಮ ದೊಡ್ಡಪ್ಪನವರಿಗೆ ಆದಂತಹ ತಪ್ಪಿಗೆ ಸಾಮಾನ್ಯ ಕಾರಣವೆಂದರೆ ರೋಗಿಯನ್ನು ಹಾಸಿಗೆಯ ನಂಬರಿನಿಂದ ಗುರುತಿಸುವುದು. ರೋಗಿಯನ್ನು ಕಿಟಕಿಯ ಪಕ್ಕಕ್ಕೆ ಬದಲಾಯಿಸಿದರೆ ನಂಬರು ಬದಲಾಗುತ್ತದೆ, ಮದ್ದಿನ ಚೀಟಿ ಮಾತ್ರ ಹಳೆಯ ನಂಬರಿನಲ್ಲೇ ಉಳಿದಿರುತ್ತದೆ. ಆದ್ದರಿಂದ ಪ್ರತಿ ಮಾತ್ರೆ, ಪ್ರತಿ ಇಂಜೆಕ್ಷನ್, ಪ್ರತಿ ರಕ್ತ ತೆಗೆಯುವಿಕೆಗೆ ಮೊದಲು ಹೆಸರನ್ನೂ ಮಣಿಕಟ್ಟಿನ ಪಟ್ಟಿಯಲ್ಲಿರುವ ಆಸ್ಪತ್ರೆಯ ನಂಬರನ್ನೂ ಹೊಂದಿಸಿ ನೋಡಬೇಕು. ಹೆಸರು ಕೇಳುವ ರೀತಿಯೂ ಮುಖ್ಯ. ನಮ್ಮ ಕಡೆಯ ಒಂದೇ ವಾರ್ಡಿನಲ್ಲಿ ಇಬ್ಬರು ಸುಮತಿಯರು ಇರುವುದು ಅಪರೂಪವಲ್ಲ. "ನೀವು ಸುಮತಿ ಅಲ್ಲವೇ?" ಎಂದು ಕೇಳಿದರೆ, ಕಿವಿ ಮಂದವಾಗಿ ಅರೆನಿದ್ದೆಯಲ್ಲಿರುವ ಯಾವ ಹಿರಿಯರಾದರೂ ತಲೆಯಾಡಿಸುತ್ತಾರೆ. "ನಿಮ್ಮ ಹೆಸರೇನು?" ಎಂದೇ ಕೇಳಬೇಕು. ಕೇಳದಿದ್ದರೆ ಅಮ್ಮನ ಪೂರ್ತಿ ಹೆಸರನ್ನು ನೀವೇ ಹೇಳಿ, "ಇದು ಯಾವ ಮದ್ದು, ಯಾತಕ್ಕೆ?" ಎಂದು ವಿಚಾರಿಸಿ. ದಿನವೂ ಕೊಡುವ ಬಿಳಿ ಮಾತ್ರೆಯ ಜಾಗದಲ್ಲಿ ಗುಲಾಬಿ ಮಾತ್ರೆ ಬಂದರೆ ನುಂಗಿಸುವ ಮೊದಲೇ ನಿಲ್ಲಿಸಿ ಕೇಳಿ.

ಭಾಷೆಯ ವಿಷಯವನ್ನು ನೀವು ಬರೆದದ್ದು ಒಳ್ಳೆಯದಾಯಿತು. ಕರಾವಳಿಯ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳುತ್ತಾರೆ, ಸಿಸ್ಟರ್ ಮಲಯಾಳಿಯಾಗಿರಬಹುದು, ಕೇಸ್ ಶೀಟ್ ಬರೆಯುವ ಸ್ನಾತಕೋತ್ತರ ವಿದ್ಯಾರ್ಥಿ ಉತ್ತರ ಭಾರತದವರಾಗಿರಬಹುದು. ಹಿಂದೆ ಯಾವುದೋ ಇಂಜೆಕ್ಷನ್ನಿಗೆ ಮೈಯೆಲ್ಲ ದಡಿಕೆ ಎದ್ದಿತ್ತು ಎಂಬ ಮಾತು ಮೂರು ಭಾಷೆ ದಾಟುವಷ್ಟರಲ್ಲಿ ಎಲ್ಲೋ ಬಿಟ್ಟುಹೋಗುತ್ತದೆ. ಇದಕ್ಕೆ ಪರಿಹಾರ ಒಂದು ಹಾಳೆ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮದ್ದುಗಳ ಹೆಸರು, ಪ್ರಮಾಣ, ಹೊತ್ತು, ಒಗ್ಗದ ಔಷಧಗಳು, ಹಿಂದಿನ ಶಸ್ತ್ರಚಿಕಿತ್ಸೆಗಳು ಇಷ್ಟನ್ನೂ ಅದರಲ್ಲಿ ಬರೆಯಿರಿ. ಮಾತ್ರೆಗಳ ಪಟ್ಟಿಗಳನ್ನೂ ಮನೆಯಲ್ಲಿ ಕುಡಿಯುವ ಕಷಾಯ, ಲೇಹ್ಯಗಳನ್ನೂ ಒಂದು ಚೀಲದಲ್ಲಿ ಜೊತೆಗೆ ಒಯ್ಯಿರಿ. ಹಾಳೆಯ ಒಂದು ಪ್ರತಿಯನ್ನು ಕೇಸ್ ಶೀಟಿಗೆ ಸೇರಿಸಲು ಹೇಳಿ, ಅರಿವಳಿಕೆ ತಜ್ಞರು ನೋಡಲು ಬಂದಾಗ ಇನ್ನೊಂದನ್ನು ಅವರ ಕೈಗೇ ಕೊಡಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ನೆರೆಹೊರೆಯವರ ಮಾತು ಕೇಳಿ ನಿಲ್ಲಿಸಬೇಡಿ, ಯಾರನ್ನೂ ಕೇಳದೆ ಮುಂದುವರಿಸಲೂ ಬೇಡಿ. ಹೃದಯದ ಡಾಕ್ಟರರು, ಶಸ್ತ್ರಚಿಕಿತ್ಸಕರು ಮತ್ತು ಅರಿವಳಿಕೆ ತಜ್ಞರು ಸೇರಿ ಅದನ್ನು ನಿರ್ಧರಿಸಬೇಕು. ನಿಲ್ಲಿಸುವ ದಿನವನ್ನೂ ಮತ್ತೆ ಆರಂಭಿಸುವ ದಿನವನ್ನೂ ಬರೆಸಿಕೊಳ್ಳಿ. ಎರಡನೆಯದೇ ಹೆಚ್ಚಾಗಿ ಮರೆತುಹೋಗುವುದು.

ಇನ್ಸುಲಿನ್ ಇನ್ನೂ ಸೂಕ್ಷ್ಮ. ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ U ಎಂಬ ಒಂದೇ ಅಕ್ಷರ ಬರೆದಾಗ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗುವ ಅಪಾಯವಿದೆ. ಆದ್ದರಿಂದಲೇ ಪದವನ್ನು ಪೂರ್ತಿ ಬರೆಯಬೇಕೆಂಬ ನಿಯಮವಿದೆ. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ 100 ಯೂನಿಟ್ ಇರುವುದೂ ಸಿಗುತ್ತವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. ಬಾಟಲಿ ಮತ್ತು ಸಿರಿಂಜು ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಹೆಚ್ಚೋ ಕಡಿಮೆಯೋ ಆಗುತ್ತದೆ. ಶಸ್ತ್ರಚಿಕಿತ್ಸೆಯ ದಿನ ಅಮ್ಮ ಉಪವಾಸವಿರುವುದರಿಂದ ಅಂದಿನ ಪ್ರಮಾಣ ಎಷ್ಟೆಂದು ಹಿಂದಿನ ಸಂಜೆಯೇ ಕೇಳಿಟ್ಟುಕೊಳ್ಳಿ.

ಥಿಯೇಟರಿಗೆ ಒಯ್ಯುವ ಮೊದಲು, ಅಮ್ಮನಿಗೆ ಎಚ್ಚರವಿರುವಾಗಲೇ ಬಲ ಮೊಣಕಾಲಿನ ಮೇಲೆ ಶಸ್ತ್ರಚಿಕಿತ್ಸಕರು ಗುರುತು ಹಾಕಬೇಕು. ಸಾಧ್ಯವಾದರೆ ಆಗ ನೀವು ಪಕ್ಕದಲ್ಲಿರಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ತಪಾಸಣಾ ಪಟ್ಟಿಯನ್ನು ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು ಮತ್ತು ರೋಗಿ ಥಿಯೇಟರು ಬಿಡುವ ಮೊದಲು ಗಟ್ಟಿಯಾಗಿ ಓದಿ ಒಪ್ಪಿಕೊಳ್ಳಬೇಕು. ನವದೆಹಲಿಯೂ ಸೇರಿದಂತೆ ಜಗತ್ತಿನ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. "ಇಲ್ಲಿ ಆ ಪಟ್ಟಿ ಓದುತ್ತೀರಲ್ಲವೇ?" ಎಂದು ಶಸ್ತ್ರಚಿಕಿತ್ಸಕರನ್ನು ಕೇಳುವುದರಲ್ಲಿ ಯಾವ ಅಗೌರವವೂ ಇಲ್ಲ.

ಆಮೇಲಿನ ದಿನಗಳಲ್ಲಿ ಗಾಯ ಮುಟ್ಟುವವರು ಕೈ ತೊಳೆದಿದ್ದಾರೆಯೇ ನೋಡಿ. ನೋವಿನ ಮದ್ದಿನ ಮಂಪರಿನಲ್ಲಿ ರಾತ್ರಿ ಅಮ್ಮ ಒಬ್ಬರೇ ಬಚ್ಚಲಿಗೆ ಹೋಗದಂತೆ ನೋಡಿಕೊಳ್ಳಿ. ಕಣಕಾಲಿನ ಹಿಂಬದಿ (ಮೀನಖಂಡ) ಊದಿದರೆ, ಉಸಿರು ಸಿಕ್ಕಿಕೊಂಡರೆ ಆ ಕ್ಷಣವೇ ತಿಳಿಸಿ.

ಮನೆಯವರಲ್ಲಿ ಒಬ್ಬರೇ ಪ್ರಶ್ನೆ ಕೇಳುವವರಾಗಿರಲಿ, ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ರೌಂಡ್ಸಿನ ಹೊತ್ತಿಗೆ ಕೇಳಿ. ತುರ್ತಿನದ್ದಕ್ಕೆ ಮಾತ್ರ ಕಾಯಬೇಡಿ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬುದು ವೈದ್ಯರ ವೃತ್ತಿ ನಿಯಮದಲ್ಲೇ ಇದೆ. ಖಾಸಗಿ ಆಸ್ಪತ್ರೆಯ ಬಗ್ಗೆ ದೂರು ಕೊಡಬೇಕಾಗಿ ಬಂದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ.

ಪ್ರಶ್ನೆ: ನಾನು ಉಡುಪಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿಯಲ್ಲಿ ಔಷಧ ಕರಗಿಸಲು ಡಿಸ್ಟಿಲ್ಡ್ ವಾಟರ್ ಎಂದುಕೊಂಡು ಅದೇ ಟ್ರೇಯಲ್ಲಿದ್ದ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ (ಮದ್ದಿನ ಪುಟ್ಟ ಶೀಶೆ) ಎತ್ತಿಕೊಂಡಿದ್ದೆ. ಒಡೆಯುವ ಮೊದಲು ಲೇಬಲ್ ಓದಿದ್ದರಿಂದ ಉಳಿಯಿತು. ಯಾರಿಗೂ ಏನೂ ಆಗಿಲ್ಲವಲ್ಲ, ಇದನ್ನೂ ವರದಿ ಮಾಡಬೇಕೇ?

ಉತ್ತರ: ಮಾಡಲೇಬೇಕು. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲಬಹುದು. ಇಂದು ನೀವು ಓದಿದಿರಿ. ಸತತ ಮೂರನೆಯ ರಾತ್ರಿ ಪಾಳಿಯಲ್ಲಿರುವ ಸಹೋದ್ಯೋಗಿ ಓದದೇ ಇರಬಹುದು. ಎರಡೂ ಆಂಪೂಲ್‌ಗಳು ಒಂದೇ ಟ್ರೇಯಲ್ಲಿದ್ದವು ಎಂಬುದೇ ನಿಮ್ಮ ವರದಿಯ ಸಾರವಾಗಲಿ. ನರ್ಸಿಂಗ್ ಮುಖ್ಯಸ್ಥರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ: ಹೇಳಿದವರನ್ನು ಗದರಿಸಬೇಡಿ. ಒಬ್ಬರಿಗೆ ಮೆಮೊ ಕೊಟ್ಟರೆ ಉಳಿದವರೆಲ್ಲ ಬಾಯಿ ಮುಚ್ಚುತ್ತಾರೆ, ಆಂಪೂಲ್‌ಗಳು ಮಾತ್ರ ಅದೇ ಟ್ರೇಯಲ್ಲಿರುತ್ತವೆ. ಸಾಂದ್ರ ಪೊಟ್ಯಾಸಿಯಂ ಸಾಮಾನ್ಯ ವಾರ್ಡಿನ ಕಪಾಟಿನಲ್ಲಿ ಇರಲೇಬಾರದು. ಐಸಿಯುವಿನಂತಹ ಕಡೆ ಇಡಲೇಬೇಕಾದರೆ ಬೀಗವಿರುವ ಪ್ರತ್ಯೇಕ ಪೆಟ್ಟಿಗೆಯಲ್ಲಿ, ಎದ್ದು ಕಾಣುವ ಎಚ್ಚರಿಕೆಯ ಲೇಬಲ್ಲಿನೊಂದಿಗೆ ಇಟ್ಟು, ಬಳಸುವಾಗ ಇಬ್ಬರು ಪರೀಕ್ಷಿಸಿ ಸಹಿ ಹಾಕಬೇಕು. ವರದಿಯಲ್ಲಿ ಈ ಬದಲಾವಣೆಯನ್ನೂ ನೀವೇ ಸೂಚಿಸಿ.