ವೋಲ್ಟೇಜ್ ಏರಿಸಿದರೆ ಸರಿಯಾಗುತ್ತದೆ ಎಂದು ನಿಮಗೆ ಹೇಳಿದವರು ಯಾರು?

ಮಳೆ ಮುಗಿದು ಮದುವೆ ಸೀಸನ್ ಹತ್ತಿರ ಬಂತೆಂದರೆ ನನಗೆ ಒಂದೇ ಬಗೆಯ ಪತ್ರಗಳು. ರ‍್ಯಾಮ್ ಹೆಚ್ಚಿಗೆ ಹಾಕಿಸಿದೆ, ಎಕ್ಸ್‌ಎಂಪಿ (ರ‍್ಯಾಮ್ ಕಂಪನಿ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್ ಮಾಡಿದೆ, ಈಗ ಕಂಪ್ಯೂಟರ್ ನಿಂತು ನಿಂತು ಹೋಗುತ್ತದೆ, ವೋಲ್ಟೇಜ್ ಎಷ್ಟಿಡಲಿ? ಬೋರ್ಡ್ ಯಾವುದು, ರ‍್ಯಾಮ್ ಯಾವುದು ಎಂದು ಹೆಚ್ಚಿನವರು ಬರೆದಿರುವುದೇ ಇಲ್ಲ. ಜ್ವರ ಬಂದಿದೆ, ಯಾವ ಮಾತ್ರೆ ತಗೊಳ್ಳಲಿ ಎಂದು ಫೋನಿನಲ್ಲಿ ಕೇಳಿದ ಹಾಗೆ. ಈ ಸಲ ಒಬ್ಬರು ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್ ಪರದೆಯ ಫೋಟೊ ಸಮೇತ ಎಲ್ಲವನ್ನೂ ಬರೆದಿದ್ದಾರೆ. ಹಾಗಾಗಿ ಜಾಗದ ಬಹುಪಾಲು ಅವರಿಗೆ. ಬಯಾಸ್ ಒಳಗೆ ಹೋಗುವುದು ಹೇಗೆ ಎಂಬುದನ್ನೆಲ್ಲ ನಾನು ವಿವರಿಸುವುದಿಲ್ಲ. ಅದು ಗೊತ್ತಿಲ್ಲದವರು ಹೊರಗೇ ಇರುವುದು ಕ್ಷೇಮ.

ಪ್ರಶ್ನೆ: ಕುಮಟಾದಲ್ಲಿ ನನ್ನದು ಫೋಟೊ ಸ್ಟುಡಿಯೊ. ಪ್ರೊಸೆಸರ್ ರೈಜನ್ 5 3600, ಬಿ450 ಬೋರ್ಡ್. ಮೊದಲು 8 ಜಿಬಿಯ ಎರಡು ರ‍್ಯಾಮ್ ಇದ್ದವು, ವೇಗ 3200, ಟೈಮಿಂಗ್ 16-18-18-38. ಆಲ್ಬಂ ಕೆಲಸಕ್ಕೆ ಸಾಲದೆ ಬೇರೆ ಕಂಪನಿಯ 8 ಜಿಬಿಯ ಇನ್ನೆರಡು ಹಾಕಿಸಿದೆ, ಇವು 3600, 18-22-22-42. ಎಕ್ಸ್‌ಎಂಪಿ ಹಾಕಿ 3200ರಲ್ಲಿ ಓಡಿಸಿದರೆ ದಿನಕ್ಕೊಮ್ಮೆ ನೀಲಿ ಪರದೆ. ಪರಿಚಯದ ಟೆಕ್ನಿಶಿಯನ್ ಒಬ್ಬರು ವೋಲ್ಟೇಜ್ 1.35 ಇದ್ದದ್ದನ್ನು 1.5 ಮಾಡಿಕೊಟ್ಟರು. ನೀಲಿ ಪರದೆ ಅಪರೂಪವಾಯಿತು. ಆದರೆ ಈಗ ಕೆಲವು ಫೋಟೊಗಳು ಅರ್ಧಕ್ಕೆ ಹಾಳಾಗಿ ಬರುತ್ತಿವೆ. ಇನ್ನೂ ಸ್ವಲ್ಪ ಏರಿಸಲೇ?

ಉತ್ತರ: ಬೇಡ. ಇವತ್ತೇ ಇಳಿಸಿ. ಅದಕ್ಕೂ ಮೊದಲು, ಕ್ಯಾಮೆರಾ ಕಾರ್ಡುಗಳಿಂದ ಆ ಕಂಪ್ಯೂಟರಿಗೆ ಫೋಟೊ ಹಾಕಿಕೊಳ್ಳುವುದನ್ನು ನಿಲ್ಲಿಸಿ. ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡಲೇಬೇಡಿ. ಮೂಲ ಚಿತ್ರ ಸರಿಯಾಗಿ ಉಳಿದಿದ್ದರೆ ಅಲ್ಲಿ ಮಾತ್ರ.

ನೀವು ಕಳಿಸಿದ ಚಿತ್ರ ನೋಡಿದೆ. ಬಾಸಿಂಗದ ತನಕ ಸರಿಯಿದೆ. ಅಲ್ಲಿಂದ ಕೆಳಗೆ ಇಡೀ ಚಿತ್ರ ಬಲಕ್ಕೆ ಜಾರಿ, ಸೀರೆಯ ಕೆಂಪೆಲ್ಲ ಪಾಚಿ ಹಸಿರಾಗಿದೆ. ಕ್ಯಾಮೆರಾದ ದೋಷ ಎಂದು ನಿಮಗೆ ಯಾರೋ ಹೇಳಿದ್ದಾರಂತೆ. ಜೆಪೆಗ್ ಫೈಲಿನಲ್ಲಿ ಪ್ರತಿ ತುಣುಕಿನ ಬಣ್ಣವನ್ನೂ ಹಿಂದಿನ ತುಣುಕಿಗಿಂತ ಎಷ್ಟು ಹೆಚ್ಚು ಕಡಿಮೆ ಎಂಬ ಲೆಕ್ಕದಲ್ಲಿ ಬರೆದಿರುತ್ತದೆ. ನಡುವೆ ಒಂದೇ ಒಂದು ಬಿಟ್ ಮಗುಚಿದರೂ ಮುಂದಿನದೆಲ್ಲ ತಪ್ಪುತ್ತದೆ. ಕಾರ್ಡಿನಿಂದ ಡಿಸ್ಕಿಗೆ ಹೋಗುವ ಫೋಟೊ ರ‍್ಯಾಮ್ ಹಾದೇ ಹೋಗಬೇಕು. ಅಲ್ಲಿ 1 ಇದ್ದದ್ದು 0 ಆದರೆ ನಮ್ಮ ಮಾಮೂಲಿ ರ‍್ಯಾಮ್‌ಗೆ ಅದು ಗೊತ್ತೂ ಆಗುವುದಿಲ್ಲ. ಬ್ಯಾಕಪ್ ತೆಗೆದರೆ ಹಾಳಾದದ್ದೇ ಬ್ಯಾಕಪ್ ಆಗುತ್ತದೆ. ಈ ಕಾರಣಕ್ಕೇ ನೀಲಿ ಪರದೆ ಬಂದರೆ ನನಗೆ ಒಂಥರಾ ಸಮಾಧಾನ, ತಪ್ಪಾಗಿದೆ ಎಂದು ಕನಿಷ್ಠ ಬಾಯಿಬಿಟ್ಟು ಹೇಳುತ್ತದಲ್ಲ. ನಿಮ್ಮ ಟೆಕ್ನಿಶಿಯನ್ ಮಾಡಿದ್ದು ಅದರ ಬಾಯಿ ಮುಚ್ಚಿಸುವ ಕೆಲಸ.

ಆ 1.5ರ ಬಗ್ಗೆ. ನಿಮ್ಮ ಡಿಡಿಆರ್4 ತಲೆಮಾರಿನ ರ‍್ಯಾಮ್‌ಗೆ ಜೆಡೆಕ್ ಎಂಬ ಸಂಸ್ಥೆಯ ಮಾನದಂಡ ಇಟ್ಟ ಕೆಲಸದ ವೋಲ್ಟೇಜ್ 1.2. ಎಕ್ಸ್‌ಎಂಪಿಯಲ್ಲಿ ಸಾಮಾನ್ಯವಾಗಿ 1.35. ಆಚೆ ಹೋದರೆ ಚಿಪ್‌ಗೆ ಶಾಶ್ವತ ಹಾನಿಯಾಗಬಹುದು ಎಂದು ಅದೇ ಮಾನದಂಡ ಗೆರೆ ಎಳೆದದ್ದು 1.5ಕ್ಕೆ. ಆರಿಸಿ ತೆಗೆದ ಚಿಪ್ ಹಾಕಿ, 1.45, 1.5 ಎಂದು ಪೊಟ್ಟಣದ ಮೇಲೇ ಬರೆದು ಮಾರುವ ದುಬಾರಿ ರ‍್ಯಾಮ್‌ಗಳಿವೆ, ಹೌದು. ನಿಮ್ಮದು ಅದಲ್ಲ. ಇನ್ನೊಂದು ಮಾತು, ನಿಮ್ಮ ತೊಂದರೆ ಬಹುಶಃ ರ‍್ಯಾಮ್ ಚಿಪ್ಪಿನದೇ ಅಲ್ಲ. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಎರಡರ ಬದಲು ನಾಲ್ಕು ರ‍್ಯಾಮ್ ಎಳೆಯಬೇಕಾಗಿದೆ. ನಿಮ್ಮ ಪ್ರೊಸೆಸರ್ ತಲೆಮಾರಿಗೆ ಎಎಂಡಿ ಕೊಟ್ಟ ಭರವಸೆ ಎರಡು ರ‍್ಯಾಮ್ ಇದ್ದರೆ 3200, ಸಿಂಗಲ್ ರ‍್ಯಾಂಕ್‌ನ (ಚಿಪ್‌ಗಳ ಒಂದೇ ಗುಂಪಿರುವ) ನಾಲ್ಕಿದ್ದರೆ 2933, ಡ್ಯುಯಲ್ ರ‍್ಯಾಂಕ್‌ನ (ಎರಡು ಗುಂಪಿರುವ) ನಾಲ್ಕಿದ್ದರೆ 2667. ಎತ್ತಿಗೆ ಹೊರೆ ಜಾಸ್ತಿಯಾಗಿದ್ದಾಗ ಗಾಡಿಗೆ ಬಣ್ಣ ಬಳಿದರೆ ಏನು ಬಂತು?

3600ರ ರ‍್ಯಾಮ್ 3200ರಲ್ಲಿ ಸಲೀಸಾಗಿ ಓಡಬೇಕಲ್ಲವೇ ಎಂದೂ ಕೇಳಿದ್ದೀರಿ. ಒಂಟಿಯಾಗಿ ಓಡೀತು. ಎಕ್ಸ್‌ಎಂಪಿ ಎಂಬುದು ಆ ಜೋಡಿಗೆ ಮಾತ್ರ ಪರೀಕ್ಷಿಸಿ ಬರೆದ ಚೀಟಿ. ನೀವು ಒಬ್ಬರ ಚೀಟಿಯ ಔಷಧವನ್ನು ಮನೆಮಂದಿಗೆಲ್ಲ ಕುಡಿಸಿದ್ದೀರಿ. 18-22-22 ಬೇಕಾದ ರ‍್ಯಾಮ್‌ಗೆ 16-18-18ರ ಅವಸರ ಹಚ್ಚಿದರೆ ಅದು ತಡವರಿಸದೆ ಇನ್ನೇನು ಮಾಡುತ್ತದೆ?

ಈ ಅಂಕಿಗಳ ಅರ್ಥ ಗೊತ್ತಿಲ್ಲದೆಯೇ ಬದಲಾಯಿಸುವವರು ಬಹಳ, ಆದ್ದರಿಂದ ಒಂದು ಸಲ ಹೇಳಿಬಿಡುತ್ತೇನೆ. ಅಟ್ಟದ ಮೇಲಿಂದ ಉಪ್ಪಿನಕಾಯಿ ಭರಣಿ ತರುವ ಕೆಲಸ ಎಂದುಕೊಳ್ಳಿ. ಏಣಿ ತಂದು ಇಡುವುದು ಎರಡನೆಯ ಅಂಕಿ, ಟಿಆರ್‌ಸಿಡಿ: ರ‍್ಯಾಮ್‌ನಲ್ಲಿ ಮಾಹಿತಿ ಇರುವ ಸಾಲು ತೆರೆಯುವ ಹೊತ್ತು. ಭರಣಿಯಿಂದ ತೆಗೆದು ಕೈಗೆ ಕೊಡುವುದು ಮೊದಲನೆಯದು, ಸಿಎಲ್. ಏಣಿ ತೆಗೆದಿಡುವುದು ಮೂರನೆಯದು, ಟಿಆರ್‌ಪಿ. ನಾಲ್ಕನೆಯದು ಟಿಆರ್‌ಎಎಸ್, ಏಣಿ ಕನಿಷ್ಠ ಎಷ್ಟು ಹೊತ್ತು ನಿಂತಿರಬೇಕು ಎಂಬುದು. ಇದನ್ನು ಜನ ಸುಮ್ಮನೆ ಕಡಿಮೆ ಮಾಡುತ್ತಾರೆ. ರ‍್ಯಾಮ್‌ನಲ್ಲಿ ಒಂದು ಸಾಲನ್ನು ಓದಿದರೆ ಅದರಲ್ಲಿದ್ದ ಚಾರ್ಜ್ ಖಾಲಿಯಾಗುತ್ತದೆ, ಓದಿದ ಮೇಲೆ ಮತ್ತೆ ತುಂಬಿ ಇಡಬೇಕು. ಮೇಲಿದ್ದವ ಭರಣಿಗೆ ಮುಚ್ಚಳ ಹಾಕುವ ಮೊದಲೇ ಏಣಿ ಎಳೆದರೆ? ಬಿದ್ದದ್ದು ಯಾರಿಗೂ ಕಾಣುವುದಿಲ್ಲ, ಮುಂದಿನ ಸಲ ಭರಣಿ ತೆರೆದಾಗಲೇ ಗೊತ್ತಾಗುವುದು.

ಅಂಕಿ ಕಡಿಮೆಯಾದಷ್ಟೂ ವೇಗ ಎಂಬುದೂ ಅರ್ಧ ಸತ್ಯ. ಸಿಎಲ್ ಅನ್ನು 2000ದಿಂದ ಗುಣಿಸಿ, ರ‍್ಯಾಮ್ ವೇಗದಿಂದ ಭಾಗಿಸಿ. 3200ಕ್ಕೆ 16 ಇದ್ದರೆ 10 ನ್ಯಾನೊಸೆಕೆಂಡ್. 3600ಕ್ಕೆ 18 ಇದ್ದರೂ 10. ನಾನು ಕೆಳಗೆ ಹೇಳುವ 2933ಕ್ಕೆ 18 ಎಂದರೆ ಸುಮಾರು 12.3. ಆ ಎರಡು ಚಿಲ್ಲರೆ ನ್ಯಾನೊಸೆಕೆಂಡಿನಿಂದ ನಿಮ್ಮ ಆಲ್ಬಂ ಒಂದು ದಿನ ತಡವಾಗುವುದಿಲ್ಲ.

ಈಗ ಕೆಲಸ. ಸಿಮಾಸ್ ಕ್ಲಿಯರ್ ಮಾಡಿ, ಅಂದರೆ ಬಯಾಸ್ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನಂತೆ ಮಾಡಿ. ಹಳೆಯ ಜೋಡಿಯನ್ನು ಮಾತ್ರ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ. ಎಕ್ಸ್‌ಎಂಪಿ, 1.35. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ ಹಚ್ಚಿ, ಕನಿಷ್ಠ ನಾಲ್ಕು ಸುತ್ತು. ರಾತ್ರಿ ಹಚ್ಚಿ ಮಲಗಿ. ನಡುವೆ ಕರೆಂಟು ಹೋದರೆ ಮೊದಲಿನಿಂದ. ಆಮೇಲೆ ಅದನ್ನು ತೆಗೆದು ಹೊಸ ಜೋಡಿಗೂ ಅದೇ ಸ್ಲಾಟಿನಲ್ಲಿ ಅದೇ ಪರೀಕ್ಷೆ, ವೇಗ ಮಾತ್ರ 3200ಕ್ಕೆ ಇಳಿಸಿ. ಒಂದು ಎರರ್ ಬಂದರೂ ಅದು ಫೇಲ್. ‘ಒಂದೇ ಒಂದು ಬಂತು, ನಡೀತದೆ’ ಎನ್ನುವವರು ಒಂದೇ ಒಂದು ತೂತಿರುವ ದೋಣಿಯಲ್ಲಿ ಅಘನಾಶಿನಿ ದಾಟಲಿ ನೋಡೋಣ. ವಿಂಡೋಸ್ ಜೊತೆ ಬರುವ ಮೆಮೊರಿ ಪರೀಕ್ಷೆ ಫೇಲ್ ಎಂದರೆ ನಂಬುತ್ತೇನೆ, ಪಾಸ್ ಎಂದರೆ ನಂಬುವುದಿಲ್ಲ.

ಎರಡೂ ಜೋಡಿ ಬೇರೆ ಬೇರೆಯಾಗಿ ಪಾಸಾದರೆ ನಾಲ್ಕನ್ನೂ ಹಾಕಿ, ಹಳೆಯದು ಎರಡು ಮತ್ತು ನಾಲ್ಕರಲ್ಲಿ, ಹೊಸದು ಒಂದು ಮತ್ತು ಮೂರರಲ್ಲಿ. ಎಕ್ಸ್‌ಎಂಪಿ ಬೇಡ. ಕೈಯಿಂದ 2933, 18-22-22-42, ರ‍್ಯಾಮ್ ವೋಲ್ಟೇಜ್ 1.35, ಗೇರ್ ಡೌನ್ ಮೋಡ್ (ರ‍್ಯಾಮ್‌ಗೆ ಆದೇಶ ಕಳಿಸುವ ವೇಗ ತಗ್ಗಿಸುವ ಸೆಟ್ಟಿಂಗ್) ಆನ್. ಅದು ಆನ್ ಇದ್ದಾಗ ಸಿಎಲ್ ಸರಿಸಂಖ್ಯೆಯೇ ಇರಬೇಕು; 17 ಹಾಕಿದರೆ ಅದೇ 18 ಮಾಡಿಕೊಳ್ಳುತ್ತದೆ, ಸುಮ್ಮನೆ ಹಟ ಬೇಡ. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ಗೆ ಹೋಗುವ ಎಸ್‌ಒಸಿ ವೋಲ್ಟೇಜ್ 1.05ರಿಂದ 1.1ರ ಒಳಗೆ. ಉಳಿದ ಸಣ್ಣ ಟೈಮಿಂಗ್‌ಗಳೆಲ್ಲ ಆಟೋ. ಮತ್ತೆ ಒಂದು ರಾತ್ರಿ ಪರೀಕ್ಷೆ. ಎರರ್ ಬಂದರೆ 2666ಕ್ಕೆ ಇಳಿಸಿ. ಅಲ್ಲೂ ಬಂದರೆ ನಾಲ್ಕನ್ನೂ ಮಾರಿ, ಒಂದೇ ಪೊಟ್ಟಣದಲ್ಲಿ ಬರುವ 16 ಜಿಬಿಯ ಜೋಡಿ ತಗೊಳ್ಳಿ. ನಾನಾಗಿದ್ದರೆ ಈ ರಗಳೆಗೆ ಹೋಗದೆ ಮೊದಲೇ ಅದನ್ನು ಮಾಡುತ್ತಿದ್ದೆ.

ಎಲ್ಲ ಪಾಸಾದ ಮೇಲೂ ನೀಲಿ ಪರದೆ ಬಂದರೆ ಗಾಬರಿಯಾಗಬೇಡಿ. ಇಷ್ಟು ದಿನ ಕೆಟ್ಟ ರ‍್ಯಾಮ್ ಹಾದು ಬಂದ ಅಪ್‌ಡೇಟ್‌ಗಳಿಂದ ವಿಂಡೋಸ್ ಫೈಲುಗಳೇ ಹಾಳಾಗಿರಬಹುದು. ಆ ಫೈಲುಗಳನ್ನು ಪರೀಕ್ಷಿಸಿ ಸರಿಪಡಿಸುವ ಎಸ್‌ಎಫ್‌ಸಿ ಓಡಿಸಿ, ಸಾಲದಿದ್ದರೆ ಹೊಸದಾಗಿ ಹಾಕಿ.

ಕೊನೆಯದಾಗಿ, ಮಧ್ಯಾಹ್ನ ಸ್ಟುಡಿಯೊದ ಬಾಗಿಲು ಮುಚ್ಚಿ, ಎಸಿ ಆಫ್ ಇಟ್ಟು, ರ‍್ಯಾಮ್ ಪರೀಕ್ಷೆಯ ಟೆಸ್ಟ್‌ಮೆಮ್5 ಅಥವಾ ಒಸಿಸಿಟಿ ಒಂದೆರಡು ತಾಸು ಓಡಿಸಿ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳಕೊಂಡು. ಕೆಲವು ವರ್ಷದ ಹಿಂದೆ ಡಿಸೆಂಬರಿನಲ್ಲಿ ಒಂದು ಅಂಗಡಿಯ ಲೆಕ್ಕಪತ್ರಕ್ಕೆ ಕಂಪ್ಯೂಟರ್ ಜೋಡಿಸಿಕೊಟ್ಟೆ. ಆಗ ಟೈಮಿಂಗ್ ಬಿಗಿ ಮಾಡುವ ಚಟ ನನಗೂ ಇತ್ತು. ಟಿಆರ್‌ಎಫ್‌ಸಿ ಎಂಬುದು 560 ಇತ್ತು, 420ಕ್ಕೆ ಇಳಿಸಿದೆ. ಶಿರಸಿಯ ಚಳಿಯಲ್ಲಿ ರಾತ್ರಿಯಿಡೀ ಪರೀಕ್ಷೆ, ಒಂದೂ ಎರರ್ ಇಲ್ಲ. ಅದು ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋಯಿತು. ಏಪ್ರಿಲ್ ತನಕ ಸುಖ. ಮೇ ತಿಂಗಳಲ್ಲಿ ಲೆಕ್ಕದ ಫೈಲು ತೆರೆಯುವುದೇ ಇಲ್ಲ ಎಂದು ಫೋನು. ಬ್ಯಾಕಪ್ ತೆರೆದರೆ ಅದೂ ಅಷ್ಟೇ. ರ‍್ಯಾಮ್‌ನ ಪ್ರತಿ ಬಿಟ್ ಒಂದು ಪುಟ್ಟ ಕೆಪಾಸಿಟರಿನಲ್ಲಿ ತುಂಬಿಟ್ಟ ಚಾರ್ಜ್. ಅದು ಸೋರುತ್ತಲೇ ಇರುತ್ತದೆ, ಸೆಕೆ ಹೆಚ್ಚಾದಷ್ಟೂ ಬೇಗ ಸೋರುತ್ತದೆ. ಅದಕ್ಕೇ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸಾಲುಗಳನ್ನೂ ಪುನಃ ತುಂಬಬೇಕು, ಚಿಪ್ 85 ಡಿಗ್ರಿ ದಾಟಿದರೆ 32ಕ್ಕೇ. ಆ ತುಂಬುವ ಕೆಲಸಕ್ಕೆ ಸಿಗುವ ಹೊತ್ತೇ ಟಿಆರ್‌ಎಫ್‌ಸಿ. ನಾನು ಅದನ್ನೇ ಕತ್ತರಿಸಿದ್ದೆ. ಅವರು ನಾಲ್ಕು ತಿಂಗಳ ಬಿಲ್ಲುಗಳನ್ನು ಕೂತು ಮತ್ತೆ ಹೊಡೆದರು. ನಾನು ದುಡ್ಡು ವಾಪಸು ಕೊಟ್ಟೆ, ಅವರು ಚಹಾ ಕೊಟ್ಟರು, ಮಾತಾಡಲಿಲ್ಲ.

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ಮನೆ. ಮಳೆಗಾಲದಲ್ಲಿ ಕಂಪ್ಯೂಟರ್ ಬೀಪ್ ಹೊಡೆದು ನಿಲ್ಲುತ್ತದೆ. ರಿಪೇರಿಯವರು ಪ್ರತಿಸಲ ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಲ್ಲಿ ತಿಕ್ಕಿ ಹಾಕುತ್ತಾರೆ, ಹದಿನೈದು ದಿನ ನಡೆಯುತ್ತದೆ.

ಉತ್ತರ: ಆ ಹಳದಿ ಕಾಲುಗಳ ಮೇಲಿರುವುದು ತೀರಾ ತೆಳುವಾದ ಚಿನ್ನದ ಲೇಪ. ತಿಕ್ಕಿ ತಿಕ್ಕಿ ಅದನ್ನೇ ಎಬ್ಬಿಸಿದರೆ ಕೆಳಗಿನ ಲೋಹಕ್ಕೆ ನಿಮ್ಮ ಉಪ್ಪುಗಾಳಿ ಹಬ್ಬದೂಟ. ಸಾಲದ್ದಕ್ಕೆ ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ನೂಲು ಬಿಡದ ಬಟ್ಟೆಗೆ ತಾಗಿಸಿ ಒರೆಸಿ, ಒಣಗಿದ ಮೇಲೆ ಹಾಕಿ. ತುಕ್ಕು ಬಿಡಿಸುವ ಸ್ಪ್ರೇ ಬೇಡ, ಕ್ಯಾಬಿನೆಟ್ ಒಳಗೆ ಕರ್ಪೂರವಂತೂ ಬೇಡವೇ ಬೇಡ, ಅದು ದೇವರ ಮುಂದಿರಲಿ. ಮಳೆಗಾಲದಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಮುಚ್ಚಿಡಬೇಡಿ. ದಿನಕ್ಕೊಂದು ತಾಸು ಓಡಿದರೆ ಒಳಗೆ ಬೆಚ್ಚಗಿದ್ದು ಥಂಡಿ ಹಿಡಿಯುವುದು ಕಡಿಮೆ. ಬೀಪ್ ಬಂದದ್ದಕ್ಕೆ ವೋಲ್ಟೇಜ್ ಏರಿಸಲು ಯಾರಾದರೂ ಹೇಳಿದರೆ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿ.

ಪ್ರಶ್ನೆ: ಐ5-10400, ಎಚ್410 ಬೋರ್ಡ್. 3200ರ ರ‍್ಯಾಮ್ ಕೊಂಡರೆ 2666 ತೋರಿಸುತ್ತದೆ. ಅಂಗಡಿಯವ ಮೋಸ ಮಾಡಿದನೇ? (ಶಿರಸಿ)

ಉತ್ತರ: ಇಲ್ಲ. ಆ ಪ್ರೊಸೆಸರಿನ ಮಿತಿಯೇ 2666, ಆ ಬೋರ್ಡ್ ಮೇಲೇರಲು ಬಿಡುವುದಿಲ್ಲ. ಅಂಗಡಿಯವನ ಹತ್ತಿರ ಜಗಳ ಮಾಡಿದ್ದರೆ ಹೋಗಿ ಸರಿಮಾಡಿಕೊಳ್ಳಿ.

ಪ್ರಶ್ನೆ: ಹೊಸ ಡಿಡಿಆರ್5 ಕಂಪ್ಯೂಟರ್. ಮೊದಲ ಸಲ ಹಚ್ಚಿದಾಗ ಪರದೆ ಕಪ್ಪು. ಐದು ಸಲ ಆಫ್ ಮಾಡಿ ಆನ್ ಮಾಡಿದೆ. (ಅಂಕೋಲಾ)

ಉತ್ತರ: ಐದು ಸಲವೂ ಅದರ ಕೆಲಸ ಕೆಡಿಸಿದಿರಿ ಮಾರಾಯ್ರೆ. ಡಿಡಿಆರ್5 ಮೊದಲ ಸಲ ತನ್ನ ಟೈಮಿಂಗ್ ತಾನೇ ಹೊಂದಿಸಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಹಚ್ಚಿ, ಹೊರಗೆ ಹೋಗಿ ಕಾಲು ಗಂಟೆ ಬಿಟ್ಟು ಬನ್ನಿ.

ಪ್ರಶ್ನೆ: ಎಎಂಡಿಯ ಎಎಂ5 ಬೋರ್ಡಿನಲ್ಲಿ ಎಸ್‌ಒಸಿ ವೋಲ್ಟೇಜ್ 1.4 ಇಡಿ ಎಂದು ಒಂದು ಹಳೆಯ ವಿಡಿಯೊದಲ್ಲಿದೆ.

ಉತ್ತರ: 2023ರಲ್ಲಿ ಪ್ರೊಸೆಸರ್‌ಗಳು ಸುಟ್ಟ ಮೇಲೆ ಎಎಂಡಿ ಅದಕ್ಕೆ 1.3ರ ಮಿತಿ ಹಾಕಿತು. ಬಯಾಸ್ ಅಪ್‌ಡೇಟ್ ಮಾಡಿ, ವಿಡಿಯೊ ಮರೆತುಬಿಡಿ.

ಪ್ರಶ್ನೆ: ರ‍್ಯಾಮ್ ಕ್ಲೀನರ್ ಆ್ಯಪ್ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಅಲ್ಲ.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಿ, ನಿಮ್ಮ ಸ್ವಂತ ಕಂಪ್ಯೂಟರಿನ ಟೈಮಿಂಗ್ ಎಷ್ಟು? (ಹೊನ್ನಾವರ)

ಉತ್ತರ: 3200, 16-18-18-38, 1.35. ಪೊಟ್ಟಣದ ಮೇಲೆ ಬರೆದದ್ದು.