ಮಾಡದ ತಪ್ಪಿಗೆ ಸೈನ್ ಹಾಕು ಅಂತ ಮಗುಗೆ ಹೇಳ್ಬೇಡಿ

ಮಳೆಗಾಲದಲ್ಲಿ ಶಾಲೆ ಶುರುವಾಗಿ ಒಂದೆರಡು ತಿಂಗಳಾಯ್ತು ಅಂದ್ರೆ ಮಕ್ಕಳ ವಿಷಯಕ್ಕೆ ಸಲಹೆ ಕೊಡೋ ನನ್ನ ಹತ್ರ ಇಂಥದ್ದೊಂದು ಕೇಸು ಬಂದೇ ಬರುತ್ತೆ, ಅದಕ್ಕೇ ಈ ಸಲ ಬರೆದೇ ಬಿಡೋಣ ಅನ್ನಿಸ್ತು. ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಿಸಿದೀನಿ.

ಹುಡುಗ 8ನೇ ಕ್ಲಾಸು, ಜಗಳೂರು ರೋಡಿನ ಕಡೆಯ ಹಳ್ಳಿಯಿಂದ ದಾವಣಗೆರೆಗೆ ಬಸ್ಸಲ್ಲಿ ಬರ್ತಾನೆ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಶಾಲೆಯವರ ದೂರು ಏನಂದ್ರೆ, ಮನೇಲಿ ಶಾಲೆಗೆ ಅಂತ ಹೇಳಿ ಬಂದು ಚಕ್ಕರ್ ಹೊಡೀತಾನೆ, ಕೇಳಿದ್ರೆ ಮೇಷ್ಟ್ರಿಗೇ ಎದುರು ಮಾತಾಡ್ತಾನೆ, ತಪ್ಪೊಪ್ಪಿಗೆ ಬರೆದು ಅಪ್ಪನ ಸೈನ್ ಹಾಕಿಸ್ಕೊಂಡು ಬರೋವರೆಗೂ ಕ್ಲಾಸಿಗೆ ಸೇರಿಸಲ್ಲ, ಆಗಲ್ಲ ಅಂದ್ರೆ ಟಿಸಿ ತಗೊಂಡು ಹೋಗ್ಲಿ. ಹುಡುಗ ನಾನು ಬರೆಯಲ್ಲ ಅಂತ ಕೂತಿದ್ದ. ಅಪ್ಪ ಕರ್ಕೊಂಡು ಬಂದಿದ್ದೇ ನನ್ನ ಕೈಲಿ ಬುದ್ಧಿ ಹೇಳಿಸಿ ಬರೆಸೋಕೆ. "ಒಂದ್ ಸೈನ್ ಅಷ್ಟೇ ಅಲ್ಲೇನ್ರಿ ಮೇಡಂ, ಬರ್ದು ಕೊಟ್ರೆ ಮುಗೀತು, ಇವ್ನಿಗೆ ಹಠ" ಅಂದ್ರು.

ಮೊದಲನೇ ಸಲ ಹುಡುಗ ಬಾಯೇ ಬಿಡ್ಲಿಲ್ಲ. ಎರಡನೇ ಸಲ ಯಾಕೆ ಹೋಗ್ಲಿಲ್ಲ ಅಂತ ಕೇಳೋದು ಬಿಟ್ಟು, ಏನಂತ ಬರಿ ಅಂದಿದಾರೆ ಅಂತಷ್ಟೇ ಕೇಳಿದೆ. ಅವನಿಗೆ ಬಾಯಿಪಾಠ ಆಗಿತ್ತು. 'ನಾನು ಮನೆಯಲ್ಲಿ ಸುಳ್ಳು ಹೇಳಿ, ಶಾಲೆಗೆ ಬಾರದೆ ಹೊರಗೆ ತಿರುಗಾಡಿದ್ದೇನೆ.' ಇದ್ರಲ್ಲಿ ಯಾವ ಮಾತು ಸುಳ್ಳಪ್ಪಾ ಅಂದೆ. ಸ್ವಲ್ಪ ಹೊತ್ತು ನೆಲ ನೋಡ್ದ, ಆಮೇಲೆ ಅಂದ, "ನಾನು ಬಂದಿದ್ದೆ ಮೇಡಂ. ಬಸ್ ಲೇಟು, ಪ್ರೇಯರ್ ಮುಗಿದಿತ್ತು, ಗೇಟ್ ಹಾಕಿದ್ರು. ಒಳಗೆ ಬಿಡದೇ ಇದ್ದೋರೇ ಬಂದಿಲ್ಲ ಅಂತ ಬರ್ಕೊಂಡ್ರು."

ಅಪ್ಪ ತಿರುಗಿ ನೋಡಿದ್ರು. "ಗೇಟ್ ತಾವ ಇದ್ಯಾ? ನಂಗ್ ಯಾಕ್ ಹೇಳ್ಲಿಲ್ಲ?"

"ಅವತ್ತೇ ಹೇಳ್ದೆ ಅಪ್ಪಾಜಿ, ನೀನು ಹೊಡಿಯಾಕ್ ಹತ್ತಿದ್ದೆ."

ಅಪ್ಪ ಏನೂ ಮಾತಾಡ್ಲಿಲ್ಲ, ನಾನೂ ಸುಮ್ನಿದ್ದೆ. ಹುಡುಗ ತಾನಾಗೇ ಮುಂದುವರಿಸ್ದ. ವಾಪಸ್ ಊರಿಗೆ ಹೋದ್ರೆ ಏಟು ಬೀಳುತ್ತೆ ಅಂತ ಸಂಜೆವರೆಗೂ ಬಸ್‌ಸ್ಟ್ಯಾಂಡಲ್ಲೇ ಕೂತಿರ್ತಿದ್ನಂತೆ. ಒಂದು ದಿನ ಮಾತ್ರ ಬೇಕಂತಲೇ ಶಾಲೆ ಬಿಟ್ಟು ಇಬ್ರು ಹುಡುಗ್ರ ಜೊತೆ ಕುಂದವಾಡ ಕೆರೆಗೆ ಹೋಗಿದ್ನಂತೆ, ಅದನ್ನೂ ಅವನೇ ಹೇಳ್ದ. ಮೇಷ್ಟ್ರಿಗೆ ಜೋರಾಗಿ ಮಾತಾಡಿದ್ದೂ ನಿಜ ಅಂತ ಒಪ್ಕೊಂಡ. ಇಷ್ಟೆಲ್ಲಾ ತಾನಾಗೇ ಒಪ್ಕೊಳ್ಳೋ ಹುಡುಗನಿಗೆ ಹಠಮಾರಿ ಅಂತ ಹೆಸರಿಟ್ಟಿದ್ವಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ.

ನಾನು ಕೊಟ್ಟ ಸಲಹೆ ಇದು. ಶಾಲೆಯವರು ಹೇಳಿಕೊಟ್ಟ ಸಾಲು ಬರೀಬೇಡ, ನಡೆದಿದ್ದನ್ನ ನಿನ್ನ ಮಾತಲ್ಲೇ ಬರಿ. ಕೆರೆಗೆ ಹೋಗಿದ್ದು ತಪ್ಪು, ಕ್ಷಮೆ ಕೇಳು. ಮೇಷ್ಟ್ರಿಗೆ ಹಾಗೆ ಮಾತಾಡಿದ್ದಕ್ಕೆ ಬೇರೆಯಾಗಿ ಕೇಳು, ಪತ್ರದಲ್ಲೂ ಕೇಳು, ಎದುರಿಗೆ ನಿಂತೂ ಕೇಳು. ಗೇಟಿನ ಹೊರಗೆ ನಿಂತ ದಿನಗಳನ್ನ ಗೈರುಹಾಜರಿ ಅನ್ನಬೇಡಿ, ತಡವಾಗಿ ಬಂದಿದ್ದು ಅಂತ ಸರಿ ಮಾಡಿ ಅಂತ ವಿನಂತಿಸ್ಕೋ. ಅಪ್ಪನಿಗೆ ಹೇಳಿದ್ದು, ಬಸ್ ಪಾಸ್ ಜೊತೆಗಿಟ್ಕೊಂಡು ನೀವೇ ಹೋಗಿ, ಅದೇ ಬಸ್ಸಲ್ಲಿ ಬರೋ ಬೇರೆ ಮಕ್ಕಳ ಮನೆಯವರನ್ನೂ ಕರ್ಕೊಂಡು ಹೋಗಿ, ಹಾಜರಿ ಪುಸ್ತಕ ತೋರಿಸಿ ಅಂತ ಕೇಳಿ, ಪತ್ರದ ಇನ್ನೊಂದು ಪ್ರತಿಗೆ ತಾರೀಖು, ಸೀಲು ಹಾಕಿಸ್ಕೊಂಡು ಇಟ್ಕೊಳಿ.

ಕಾನೂನಿನ ಮಾತು ನಾನಾಗಿ ಎತ್ತಲಿಲ್ಲ, ಆದ್ರೆ ಅಪ್ಪ ಟಿಸಿ ಅನ್ನೋ ಭಯಕ್ಕೇ ಸೈನ್ ಹಾಕೋಕೆ ಹೊರಟಿದ್ರು, ಅದಕ್ಕೆ ಹೇಳಲೇಬೇಕಾಯ್ತು. 2009ರ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 16ರ ಪ್ರಕಾರ 8ನೇ ಕ್ಲಾಸು ಮುಗಿಯೋವರೆಗೆ ಮಗುನ ಶಾಲೆಯಿಂದ ತೆಗೆದು ಹಾಕೋ ಹಾಗಿಲ್ಲ. 2019ರ ತಿದ್ದುಪಡಿ ಬಂದ್ಮೇಲೆ 5 ಮತ್ತು 8ರಲ್ಲಿ ಫೇಲ್ ಮಾಡೋಕೆ ಅವಕಾಶ ಆಯ್ತೇ ಹೊರತು ಹೊರಗೆ ಹಾಕೋಕೆ ಅಲ್ಲ, ಇದನ್ನ ಎಷ್ಟೋ ಜನ ಕಲಸಿ ಹೇಳ್ತಾರೆ. ಸೆಕ್ಷನ್ 17 ಹೊಡೆಯೋದನ್ನೂ ಮಾನಸಿಕವಾಗಿ ಹಿಂಸಿಸೋದನ್ನೂ ಎರಡನ್ನೂ ನಿಷೇಧಿಸುತ್ತೆ. ಶಾಲೆಯಲ್ಲೇ ಬಗೆಹರೀಲಿಲ್ಲ ಅಂದ್ರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬರವಣಿಗೆಯಲ್ಲಿ ದೂರು ಕೊಡಿ, ಮಗುಗೆ ತುರ್ತಾಗಿ ಸಹಾಯ ಬೇಕಾದ್ರೆ ಮಕ್ಕಳ ಸಹಾಯವಾಣಿ 1098 ಇದೆ ಅಂದೆ. ಅಪ್ಪ 1098 ಅನ್ನೋದನ್ನ ಕೈಮೇಲೆ ಬರ್ಕೊಂಡ್ರು.

ಗೊತ್ತಿರೋ ಟೀಚರ್ ಒಬ್ರು ಇದನ್ನ ಕೇಳಿ, ನೀವು ಹಿಂಗೆಲ್ಲ ಹೇಳಿಕೊಟ್ರೆ ನಾಳೆ ಎಲ್ಲ ಮಕ್ಕಳೂ ಲೇಟಾಗಿ ಬಂದು ಕಾನೂನು ಮಾತಾಡ್ತಾರೆ ಅಂತ ಬೇಜಾರು ಮಾಡ್ಕೊಂಡ್ರು. ಅವರ ಕಷ್ಟ ನನಗೆ ಗೊತ್ತು, ತುಂಬಿದ ಕ್ಲಾಸಲ್ಲಿ ಪಾಠದ ಮಧ್ಯೆ ಒಬ್ಬೊಬ್ರೇ ಬಂದ್ರೆ ತಲೆ ಕೆಡುತ್ತೆ. ಲೇಟ್ ಬುಕ್ಕಲ್ಲಿ ಬರೆಸಿ, ಮಧ್ಯಾಹ್ನ ಕೂರಿಸಿ ತಪ್ಪಿಹೋದ ಪಾಠ ಬರೆಸಿ, ಮನೆಯವರನ್ನ ಕರೆಸಿ, ಇದ್ಯಾವುದಕ್ಕೂ ನನ್ನ ತಕರಾರಿಲ್ಲ. 13 ವರ್ಷದ ಹುಡುಗನ್ನ ಗೇಟ್ ಹೊರಗೆ ರೋಡಲ್ಲಿ ಬಿಡೋದು ಮಾತ್ರ ಶಿಸ್ತಲ್ಲ, ಅಲ್ಲಿಂದ ಅವ್ನು ಎಲ್ಲಿಗೆ ಹೋಗ್ತಾನೆ ಅಂತ ಶಾಲೆಗೂ ಗೊತ್ತಿರಲ್ಲ ಮನೆಗೂ ಗೊತ್ತಿರಲ್ಲ. ಅದರ ಮೇಲೆ ಸುಳ್ಳು ಬರೆಸ್ಕೊಂಡ್ರೆ ಮಗು ಕಲಿಯೋದು ದೊಡ್ಡೋರಿಗೆ ಬೇಕಾದ್ದನ್ನ ಬರೆದು ಕೊಟ್ಟು ಪಾರಾಗೋದನ್ನ. ಆಮೇಲೆ ಅದೇ ಮಗು ನಿಜವಾಗ್ಲೂ ತೊಂದ್ರೇಲಿ ಸಿಕ್ಕಾಗ ನಮ್ಮ ಹತ್ರ ಯಾಕೆ ಬಾಯಿ ಬಿಡುತ್ತೆ ಹೇಳಿ. ಹೊಂದ್ಕೊಂಡು ಹೋಗ್ಲಿ ಅನ್ನೋ ಪೋಷಕರಿಗೂ ನನ್ನ ಮಾತು ಇದೇ.

ಹೆಡ್‌ಮಾಸ್ಟರು ಪತ್ರ ಓದಿ ತಗೊಂಡ್ರು, ಟಿಸಿ ಮಾತು ಅಲ್ಲಿಗೆ ನಿಂತ್ತು. ಹಾಜರಿ ಕೆಲವು ದಿನದ್ದು ಸರಿಯಾಯ್ತು, ಕೆಲವು ದಿನದ್ದು ಆಗ್ಲಿಲ್ಲ. ಬಸ್ಸಿನ ಮಕ್ಕಳನ್ನ ಮೊದಲನೇ ಪೀರಿಯಡ್ ಮುಗಿಯೋವರೆಗೂ ಒಳಗೆ ಬಿಡ್ತಾರಂತೆ ಈಗ. ಆ ಮೇಷ್ಟ್ರು ಇನ್ನೂ ಹುಡುಗನ ಜೊತೆ ಸರಿಯಾಗಿ ಮಾತಾಡ್ತಿಲ್ಲ, ಅಪ್ಪ ಮಗ ಇಬ್ರೂ ಮತ್ತೆ ಬರ್ತಾರೆ. ಅವತ್ತಿನ ಹೊಡೆತದ ಬಗ್ಗೆ ಅಪ್ಪನ ಜೊತೆ ಇನ್ನೂ ಮಾತಾಡೋದಿದೆ.